ಗೆರೆಯ ಮೇಲೆ ಮಡಚಿ ನೋಡಲಿ

ಸಂಜೆ ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು ನಮ್ಮ ಕಾಲೇಜಿನಲ್ಲಿ ಹಲವರಿದ್ದೀರಿ. ಸಮಮಿತಿ ರೇಖೆಯ ಪಾಠದಲ್ಲಿ ಒಂದು ತಪ್ಪು ಪದೇ ಪದೇ ಎದುರಾಗುತ್ತದೆ. ಆಯತಕ್ಕೆ ಎಷ್ಟು ಸಮಮಿತಿ ರೇಖೆಗಳು ಎಂದು ಕೇಳಿದರೆ ಮಕ್ಕಳು ನಾಲ್ಕು ಎನ್ನುತ್ತಾರೆ: ಉದ್ದಕ್ಕೊಂದು, ಅಡ್ಡಕ್ಕೊಂದು, ಜೊತೆಗೆ ಎರಡು ಕರ್ಣ.

ಕೆಂಪು ಗೆರೆ ಹಾಕಲು ಅವಸರ ಬೇಡ. ಕರ್ಣ ಆಯತವನ್ನು ಎರಡು ಸಮಭಾಗ ಮಾಡುವುದು ನಿಜ. ಆದರೆ ಅಷ್ಟೇ ಸಾಲದು. ಮಡಚಿದಾಗ ಅಂಚಿಗೆ ಅಂಚು ಕೂರಬೇಕು. ನೋಟ್‌ಬುಕ್ಕಿನ ಹಾಳೆಯ ಮೇಲೆ ಮಗುವೇ ಕರ್ಣ ಎಳೆದು, ಆ ಗೆರೆಯ ಮೇಲೆಯೇ ಮಡಚಲಿ. ಮೂಲೆಗಳು ಹೊರಗೆ ಇಣುಕುತ್ತವೆ. ಈಗ ಅದೇ ಗೆರೆಯಲ್ಲಿ ಕತ್ತರಿಸಿ, ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲಿಡಲಿ. ಸರಿಯಾಗಿ ಕೂರುತ್ತದೆ! ತಾನು ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ಮಗುವಿಗೆ ತಿಳಿಯುತ್ತದೆ. ಸುಮ್ಮನೆ ಗದರಿದರೆ ಮುಂದಿನ ಸಲ ಅದು ಬಾಯಿಯನ್ನೇ ಬಿಡುವುದಿಲ್ಲ. ಲೆಕ್ಕದ ಹೆದರಿಕೆ ಶುರುವಾಗುವುದು ಹೀಗೆಯೇ.

ಚೌಕಕ್ಕೆ ಮಾತ್ರ ಕರ್ಣಗಳೂ ಸೇರಿ ನಾಲ್ಕು ರೇಖೆ. ಶ್ರೀರಂಗಪಟ್ಟಣದ ಗುಂಬಜ್ ನೋಡಿದ ಮಕ್ಕಳಾದರೆ, ಮೇಲಿನಿಂದ ಕಂಡಂತೆ ಮಧ್ಯೆ ಗುಮ್ಮಟಕ್ಕೊಂದು ವೃತ್ತ, ನಾಲ್ಕು ಮೂಲೆಗೆ ಮಿನಾರುಗಳ ಚುಕ್ಕಿ ಬರೆಸಿ ಎಣಿಸಲು ಹೇಳಿ. ಜಾಮಿಯಾ ಮಸೀದಿಯ ಎರಡು ಮಿನಾರುಗಳನ್ನು ಎದುರಿನಿಂದ ಬರೆದರೆ ನಡುವೆ ಒಂದೇ ರೇಖೆ.

ಕೊನೆಗೆ ಮೇಲುಕೋಟೆ ಜಾತ್ರೆಯಲ್ಲಿ ಕೊಳ್ಳುವಂಥ ಕಾಗದದ ಗಿರಗಿಟ್ಲೆ ತೋರಿಸಿ. ನಾಲ್ಕು ರೆಕ್ಕೆಯಿದೆ, ನಾಲ್ಕು ರೇಖೆ ಎಂದು ಕೂಗುತ್ತಾರೆ. ಒಂದೂ ಇಲ್ಲ, ರೆಕ್ಕೆಗಳೆಲ್ಲ ಒಂದೇ ಕಡೆಗೆ ವಾಲಿವೆ. ಅದು ತಿರುಗಿಸಿದರೆ ಹೊಂದುತ್ತದೆ, ಮಡಚಿದರೆ ಇಲ್ಲ.