ಸಂಶೋಧನೆಗೆ ಮಾತ್ರ: ಒಂದು ಪುಟ್ಟ ಸೀಸೆಯ ಕಥೆ



ಕಳೆದ ತಿಂಗಳು ಒಂದು ಸಂಜೆ ನಮ್ಮ ಕನ್ನಡ ಕಾರ್ಯಕ್ರಮ ಮುಗಿದ ಮೇಲೆ ಡೊಂಬಿವಲಿಯಿಂದ ಒಬ್ಬರು ಫೋನ್ ಮಾಡಿದ್ದರು. ಅವರ ತಂಗಿಯ ಮಗಳಿಗೆ ರೆಟ್ ಸಿಂಡ್ರೋಮ್ ಎಂಬ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿದ್ದಾರಂತೆ. ಇಂಟರ್ನೆಟ್ಟಿನಲ್ಲಿ ಹುಡುಕುವಾಗ 'ಮೆಕ್‌ಪಿ2 ಆಂಟಿಬಾಡಿ' ಎಂಬ ಪುಟ್ಟ ಸೀಸೆಯ ಚಿತ್ರ ಬೆಲೆಯ ಸಮೇತ ಕಂಡಿತಂತೆ. "ಮೇಡಂ, ಇದನ್ನು ತರಿಸಿ ಕೊಟ್ಟರೆ ಮಗು ಮತ್ತೆ ಮಾತಾಡುತ್ತಾಳಾ?" ಎಂದು ಕೇಳಿದರು.

ನಾನು ಕನ್ನಡದಲ್ಲಿ ಬಿ.ಎ. ಮಾಡಿದವಳು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಓದಿಕೊಂಡು ಹೇಳುತ್ತೇನೆ ಅಂದೆ. ಓದಿದ್ದನ್ನು ಅವರಿಗೂ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ.

ಮೊದಲು ನೇರ ಉತ್ತರ: ಅದು ಔಷಧಿ ಅಲ್ಲ. ಅಂಥ ಸೀಸೆಗಳ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಬರೆದಿರುತ್ತದೆ. ಅದನ್ನು ಯಾರಿಗೂ ಕೊಡುವಂತಿಲ್ಲ. ಹಾಗಾದರೆ ಅದು ಏಕೆ ಬೇಕು?

ನಮ್ಮ ಸ್ಟುಡಿಯೋಗೆ ಬಂದವರು ಮಿಕ್ಸರ್ ಮೇಜನ್ನು ನೋಡಿರುತ್ತೀರಿ. ಸಾಲಾಗಿ ಫೇಡರುಗಳು. ನಾನು ಮಾತಾಡುವಾಗ ಹಾಡಿನ ಫೇಡರ್ ಕೆಳಗಿರಬೇಕು. ಎಲ್ಲವನ್ನೂ ಒಟ್ಟಿಗೆ ಮೇಲೆತ್ತಿದರೆ ನಿಮಗೆ ಕೇಳುವುದು ಗದ್ದಲ ಮಾತ್ರ. ನಮ್ಮ ಜೀವಕೋಶಗಳಲ್ಲೂ ಹೀಗೆಯೇ. ಮಿದುಳಿನ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವ ಜೀನುಗಳು ಒಂದೇ. ಆದರೆ ಯಾವುದು ಎಷ್ಟು ದನಿಯಲ್ಲಿ ನುಡಿಯಬೇಕು ಎಂಬ ಲೆಕ್ಕ ಬೇರೆ ಬೇರೆ. ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಮೆಕ್‌ಪಿ2 ಎಂಬ ಪ್ರೋಟೀನ್ ಆ ಗುರುತುಗಳ ಮೇಲೆ ಕೂತು, ಬೇರೆ ಪ್ರೋಟೀನುಗಳನ್ನು ನೆರವಿಗೆ ಕರೆದು, ಜೀನುಗಳ ದನಿ ತಗ್ಗಿಸುತ್ತದೆ. ಫೇಡರ್ ಕೆಳಗೆ ಹಿಡಿದ ಕೈ ಅಂದುಕೊಳ್ಳಿ. ಇದನ್ನು 1992ರಲ್ಲಿ ಆಡ್ರಿಯನ್ ಬರ್ಡ್ ಅವರ ತಂಡ ಗುರುತಿಸಿತು.

ರೆಟ್ ಕಾಯಿಲೆಯ ಕಥೆ ಇನ್ನೂ ಹಳೆಯದು. ವಿಯೆನ್ನಾದ ಡಾಕ್ಟರ್ ಆಂಡ್ರಿಯಾಸ್ ರೆಟ್ 1966ರಲ್ಲಿ ಅದರ ಬಗ್ಗೆ ಬರೆದರು. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಬೆಳೆಯುವಂತೆ ಕಾಣುವ ಮಗು, ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಕೈ ಹೊಸೆಯುತ್ತಲೇ ಇರುತ್ತದೆ. 1999ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುದಾ ಜೋಗ್ಬಿ ಅವರ ತಂಡ ಕಾರಣ ಹುಡುಕಿತು: ಮೆಕ್‌ಪಿ2 ತಯಾರಿಸುವ ಜೀನಿನಲ್ಲೇ ದೋಷ.

ಈಗ ಸೀಸೆಯ ವಿಷಯಕ್ಕೆ ಬರೋಣ. ಆಂಟಿಬಾಡಿ ಎಂಬ ಮಾತು ಕೋವಿಡ್ ಕಾಲದಲ್ಲಿ ನಮಗೆಲ್ಲ ಬಾಯಿಪಾಠವಾಯಿತು. ಹೊರಗಿನದು ಒಳಗೆ ಬಂದರೆ ಅದನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ವಸ್ತು ಅದು. ವಿಜ್ಞಾನಿಗಳು ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಮೆಕ್‌ಪಿ2 ಪ್ರೋಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಅದರ ರಕ್ತದಲ್ಲಿ ಆ ತುಣುಕನ್ನು ಹಿಡಿಯುವ ಆಂಟಿಬಾಡಿ ಹುಟ್ಟುತ್ತದೆ. ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಇದಕ್ಕೆ ಹೊಳೆಯುವ ಬಣ್ಣ ಜೋಡಿಸಿದರೆ, ಸೂಕ್ಷ್ಮದರ್ಶಕದಲ್ಲಿ ಮೆಕ್‌ಪಿ2 ಇರುವ ಜಾಗವೆಲ್ಲ ಬೆಳಗುತ್ತದೆ.

ಆದರೆ ಅದು ಹಿಡಿದದ್ದು ಮೆಕ್‌ಪಿ2 ಅನ್ನೇ ಎಂದು ನಂಬುವುದು ಹೇಗೆ? ಊರಿಂದ ಮಾವ ಬರುತ್ತಾರೆ, ಕರೆತರಲು ಪಕ್ಕದ ಮನೆಯ ಹುಡುಗನನ್ನು ದಾದರ್ ಸ್ಟೇಷನ್ನಿಗೆ ಕಳಿಸುತ್ತೀರಿ ಅನ್ನಿ. ಅವನು ಮಾವನನ್ನು ನೋಡಿಲ್ಲ. "ಬಿಳಿ ಪಂಚೆ, ಕೈಯಲ್ಲಿ ಕೆಂಪು ಚೀಲ" ಎಂದು ಹೇಳಿದ್ದೀರಿ. ಆ ಜನಜಂಗುಳಿಯಲ್ಲಿ ಬಿಳಿ ಪಂಚೆಯವರು ಇನ್ನೂ ನಾಲ್ಕು ಜನ ಇರಬಹುದು. ಮೆಕ್‌ಪಿ2ಗೂ ಅದನ್ನೇ ಹೋಲುವ ದಾಯಾದಿಗಳಿದ್ದಾರೆ. ಅವೂ ಮೀಥೈಲ್ ಗುರುತಿನ ಮೇಲೇ ಕೂರುತ್ತವೆ.

ಹುಡುಗನನ್ನು ಪರೀಕ್ಷಿಸಲು ಒಂದು ದಾರಿ ಇದೆ. ಮಾವ ಬರದ ದಿನವೂ ಅವನನ್ನು ಕಳಿಸಿ ನೋಡಿ. ಬರಿಗೈಯಲ್ಲಿ ವಾಪಸಾದರೆ ಅವನ ಮೇಲೆ ಭರವಸೆ ಇಡಬಹುದು. ಅಂದೂ ಯಾರನ್ನೋ ಕರೆತಂದರೆ ಅವನನ್ನು ನಂಬುವಂತಿಲ್ಲ. ಪ್ರಯೋಗಾಲಯದಲ್ಲೂ ಇದನ್ನೇ ಮಾಡುತ್ತಾರೆ. ಮೆಕ್‌ಪಿ2 ಜೀನನ್ನೇ ತೆಗೆದುಹಾಕಿದ ಇಲಿಯ ಮಿದುಳಿಗೆ ಆಂಟಿಬಾಡಿ ಹಾಕುತ್ತಾರೆ. ಅಲ್ಲಿ ಏನೂ ಬೆಳಗಬಾರದು.

ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ನೋಡುವ ಪರೀಕ್ಷೆಯೂ ಉಂಟು. ಅದರಲ್ಲಿ ಒಂದು ತಮಾಷೆ: ಲೆಕ್ಕದ ಪ್ರಕಾರ ಮೆಕ್‌ಪಿ2 ತೂಕ ಸುಮಾರು 53 ಕಿಲೋಡಾಲ್ಟನ್, ಆದರೆ ಪಟ್ಟಿ ಕಾಣುವುದು 75ರ ಹತ್ತಿರ. ತಿಳಿಯದವರು ಆಂಟಿಬಾಡಿ ತಪ್ಪೆಂದು ಬಿಸಾಡಿಯಾರು! ಆಗಲೂ ದಾರಿ ತೋರುವುದು ಜೀನ್ ಇಲ್ಲದ ಇಲಿಯೇ. ಆ ಪಟ್ಟಿ ಅದರಲ್ಲಿ ಮಾಯವಾದರೆ ಅದೇ ಮೆಕ್‌ಪಿ2.

ಇಷ್ಟು ಜಾಗ್ರತೆ ಏಕೆಂದರೆ, ದೊಡ್ಡ ದೊಡ್ಡ ಮಾತುಗಳು ಇದರ ಮೇಲೆ ನಿಂತಿವೆ. 2007ರಲ್ಲಿ ಬರ್ಡ್ ಅವರ ತಂಡ ಇಲಿಗಳಲ್ಲಿ ಈ ಜೀನಿಗೆ ಬೀಗ ಹಾಕಿತು. ಇಲಿಗಳು ಕಾಯಿಲೆ ಬಿದ್ದವು. ಆಮೇಲೆ ನಿಧಾನವಾಗಿ ಬೀಗ ತೆಗೆದಾಗ, ಬೆಳೆದ ಇಲಿಗಳೂ ಚೇತರಿಸಿಕೊಂಡವು. ಬೀಗ ಹಾಕಿದ್ದಾಗ ಪ್ರೋಟೀನ್ ನಿಜಕ್ಕೂ ಇರಲಿಲ್ಲ ಎಂದು ಸಾಕ್ಷಿ ಹೇಳಿದ್ದು ಆಂಟಿಬಾಡಿ. ಅದು ಸುಳ್ಳು ಹೇಳಿದ್ದರೆ, ಎಷ್ಟೋ ತಾಯಂದಿರ ಆಸೆಗೆ ಆಧಾರವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಮೆಕ್‌ಪಿ2 ಕಡಿಮೆಯಾದರೂ ಕಾಯಿಲೆ, ಹೆಚ್ಚಾದರೂ ಕಾಯಿಲೆ. ಈ ಜೀನ್ ಎರಡೆರಡು ಪ್ರತಿ ಇರುವ ಗಂಡುಮಕ್ಕಳು ಬೇರೆಯೇ ತೊಂದರೆ ಅನುಭವಿಸುತ್ತಾರೆ. ಆದ್ದರಿಂದ ಜೀನ್ ಚಿಕಿತ್ಸೆಗೆ ಪ್ರಯತ್ನಿಸುವವರು ಎಷ್ಟು ಪ್ರೋಟೀನ್ ಬಂತೆಂದು ಅಳೆಯಲೇಬೇಕು. ಅಳತೆಗೋಲೇ ಡೊಂಕಾದರೆ? ಹಾಗೆಯೇ, ಆಂಟಿಬಾಡಿ ಹೇಳುವುದು ಪ್ರೋಟೀನ್ ಇದೆಯೇ, ಎಷ್ಟಿದೆ ಎಂಬುದನ್ನು ಮಾತ್ರ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದಿಲ್ಲ. ಮಗುವಿನ ಕಾಯಿಲೆ ತಿಳಿಯಲು ಡಾಕ್ಟರು ಲಕ್ಷಣಗಳನ್ನು ನೋಡುತ್ತಾರೆ, ಜೀನ್ ಪರೀಕ್ಷೆ ಮಾಡಿಸುತ್ತಾರೆ.

ಡೊಂಬಿವಲಿಯವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. 2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಟ್ರೋಫಿನೆಟೈಡ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿದೆ, ರೆಟ್‌ಗೆಂದೇ ಬಂದ ಮೊದಲ ಔಷಧಿ ಅದು, ಆದರೆ ಅದು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ನಿಮ್ಮ ನರರೋಗ ತಜ್ಞರನ್ನೇ ಕೇಳಿ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಅವರು ಸುಮ್ಮನಿದ್ದರು. ಆಮೇಲೆ, "ಅಂದರೆ ಆ ಸೀಸೆ ನಮಗಲ್ಲ, ನಮ್ಮ ಸಲುವಾಗಿ ಕೆಲಸ ಮಾಡುವವರಿಗೆ" ಅಂದರು.

ಇಷ್ಟು ಪುಟಗಳಲ್ಲಿ ನಾನು ಹೇಳಹೊರಟಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಇದ್ದರೆ, ದುಡ್ಡು ಕಳಿಸುವ ಮುಂಚೆ ಸೀಸೆಯ ಮೇಲಿನ ಸಣ್ಣಕ್ಷರ ಓದಿ, ಡಾಕ್ಟರನ್ನು ಕೇಳಿ. ನಮಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ.