ಎಲೆಕ್ಟ್ರಾನಿನ ದಾರಿಗೊಂದು ತ್ರಿಕೋಣ

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗಾಡುವುದಷ್ಟೆ. ಇಂತಹ ಪರ್ಯಾಯ ಪ್ರವಾಹವನ್ನು ಏಕಮುಖವಾಗಿ ಹರಿಸುವ ಸಾಧನವೇ ದಿಷ್ಟಕಾರಿ. ರೇಡಿಯೋ ತರಂಗಗಳನ್ನು ಪತ್ತೆಹಚ್ಚುವುದಕ್ಕೂ ಇದು ಬೇಕು. ಆದರೆ ತೂಗಾಟವು ಸೆಕೆಂಡಿಗೆ 5,000 ಕೋಟಿ ಸಲ ನಡೆಯುವುದಾದರೆ ಸಾಮಾನ್ಯ ಸಿಲಿಕಾನ್ ಡಯೋಡು ಕೈಚೆಲ್ಲುತ್ತದೆ. ಅದರ ಸಂಧಿಯಲ್ಲಿ ಎಲೆಕ್ಟ್ರಾನುಗಳು ದಾಟಬೇಕಾದ ಒಂದು ತಡೆಯುಂಟು. ಸುಮಾರು 0.6 ವೋಲ್ಟ್ ಒದಗುವವರೆಗೆ ಪ್ರವಾಹವು ಹೇಳಿಕೊಳ್ಳುವಷ್ಟು ಹರಿಯದು. ಮೇಲಾಗಿ ಸಂಧಿಯ ಎರಡು ಮಗ್ಗುಲುಗಳೂ ಧಾರಕದ ಫಲಕಗಳಂತೆ ವಿದ್ಯುದಂಶವನ್ನು ಹಿಡಿದಿಡುವುದರಿಂದ ವೇಗದ ತೂಗಾಟವು ಅಲ್ಲಿಯೇ ಮಂಕಾಗುತ್ತದೆ.

ತಡೆಯೇ ಇಲ್ಲದೆ ದಿಷ್ಟಕಾರಿಯನ್ನು ರಚಿಸಲಾಗದೆ?

ಇದಕ್ಕೆ ಉತ್ತರವು ಎಲೆಕ್ಟ್ರಾನಿನ ನಡಿಗೆಯಲ್ಲಿಯೇ ಇದೆ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನು ಸುಮಾರು 40 ನ್ಯಾನೋಮೀಟರು ಸಾಗುವಷ್ಟರಲ್ಲಿ ಒಮ್ಮೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. (ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರು.) ಆದರೆ 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಒಂದು ಉಪಾಯವನ್ನು ತೋರಿಸಿಕೊಟ್ಟರು. ಎಲೆಕ್ಟ್ರಾನುಗಳನ್ನು ದಾನ ಮಾಡುವ ಬೆರಕೆ ಪರಮಾಣುಗಳನ್ನು ಅರೆವಾಹಕದ ಒಂದು ಪದರದಲ್ಲಿರಿಸಿ, ಎಲೆಕ್ಟ್ರಾನುಗಳನ್ನು ಪಕ್ಕದ ಶುದ್ಧ ಪದರದಲ್ಲಿ ಓಡಿಸಿದರೆ ದಾರಿಯ ಅಡಚಣೆಗಳು ಬಹುಮಟ್ಟಿಗೆ ತಪ್ಪುತ್ತವೆ. ದ್ರವ ಹೀಲಿಯಮಿನ ಶೈತ್ಯದಲ್ಲಿ ಅಂತಹ ಪದರದಲ್ಲಿ ಎಲೆಕ್ಟ್ರಾನು ಸಾವಿರಾರು ನ್ಯಾನೋಮೀಟರುಗಳಷ್ಟು ದೂರ ಡಿಕ್ಕಿಯಿಲ್ಲದೆ ಸಾಗಬಲ್ಲದು. ಅಷ್ಟು ದೂರದೊಳಗೆ ನಾವೊಂದು ಗೋಡೆಯನ್ನು ನಿಲ್ಲಿಸಿದರೆ, ಕೇರಂ ಹಲಗೆಯ ಅಂಚಿಗೆ ಬಡಿದ ಕಾಯಿಯಂತೆ, ಅದು ಲೆಕ್ಕಕ್ಕೆ ಸಿಕ್ಕುವ ಕೋನದಲ್ಲಿಯೇ ಹಿಂದಿರುಗುವುದು!

1998ರಲ್ಲಿ ಐಮಿನ್ ಸಾಂಗ್ ಮತ್ತು ಜರ್ಮನಿಯ ಮ್ಯೂನಿಕ್ಕಿನ ಅವರ ಸಂಗಡಿಗರು ಪ್ರಕಟಿಸಿದ ರಚನೆ ಇದನ್ನೇ ಬಳಸಿಕೊಂಡಿತು. ಕೂಡುರಸ್ತೆಯಂತಹ ನಾಲ್ಕು ಕಾಲುವೆಗಳು. ನಡುವೆ, ತುದಿ ಕೆಳಗಾಗಿರುವಂತೆ ಕೊರೆದ ಒಂದು ತ್ರಿಕೋಣಾಕಾರದ ಕುಳಿ. ಎಡದಿಂದ ಬಂದ ಎಲೆಕ್ಟ್ರಾನು ತ್ರಿಕೋಣದ ಇಳಿಜಾರಾದ ಎಡಬದಿಗೆ ಬಡಿದು ಕೆಳಕ್ಕೆ ಚಿಮ್ಮುತ್ತದೆ. ಬಲದಿಂದ ಬಂದುದಾದರೆ? ಅದೂ ಕೆಳಕ್ಕೇ. ಹೀಗೆ ಪ್ರವಾಹವು ಎತ್ತ ತೂಗಿದರೂ ಕೆಳಗಿನ ಕಾಲುವೆ ಋಣವಾಗಿಯೂ ಮೇಲಿನದು ಧನವಾಗಿಯೂ ನಿಲ್ಲುತ್ತವೆ. ದಾಟಬೇಕಾದ ತಡೆಯಿಲ್ಲ, ಆದುದರಿಂದ ಕನಿಷ್ಠ ವೋಲ್ಟೇಜಿನ ಕಟ್ಟಳೆಯೂ ಇಲ್ಲ. ಕಾಲುವೆಗಳೆಲ್ಲವೂ ಒಂದೇ ಪದರದಲ್ಲಿ ಅಕ್ಕಪಕ್ಕದಲ್ಲಿರುವುದರಿಂದ ಧಾರಕದ ಪೀಡೆಯೂ ಅಲ್ಪವೇ. ಇಲ್ಲಿ ಕೆಲಸ ಮಾಡುವುದು ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಅದರ ಆಕಾರವೆಂಬುದೇ ನಮಗೆ ಅತ್ಯಂತ ಸ್ವಾರಸ್ಯಕರವಾಗಿ ಕಾಣುತ್ತದೆ.

ಆದರೆ ಹೀಲಿಯಮಿನ ಶೈತ್ಯವನ್ನು ಹೊತ್ತುಕೊಂಡು ತಿರುಗುವವರಾರು? ಕೋಣೆಯ ಉಷ್ಣತೆಯಲ್ಲಿ ಸ್ಫಟಿಕದ ಪರಮಾಣುಗಳು ನಡುಗುತ್ತಿರುವುದರಿಂದ, ಒಳ್ಳೆಯ ಪದರದಲ್ಲಿಯೂ ನಿರಾತಂಕದ ಓಟವು ನೂರು ನ್ಯಾನೋಮೀಟರಿನ ಆಸುಪಾಸಿಗೆ ಇಳಿದುಬಿಡುತ್ತದೆ. ರಚನೆಯನ್ನೂ ಅಷ್ಟಕ್ಕೆ ಕುಗ್ಗಿಸುವುದೊಂದೇ ದಾರಿ. ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್‌ಗಳ ಸಂಯುಕ್ತದ ಪದರದಲ್ಲಿ ಇಂತಹ ತ್ರಿಕೋಣಗಳನ್ನು ಸಾಲುಸಾಲಾಗಿ ಕೊರೆದು, ಸಾಂಗ್ ಮತ್ತು ಸ್ವೀಡನ್ನಿನ ಸಂಗಡಿಗರು 2001ರಲ್ಲಿ ಕೋಣೆಯ ಉಷ್ಣತೆಯಲ್ಲಿಯೇ 50 ಗಿಗಾಹರ್ಟ್ಸ್ ಆವರ್ತಾಂಕದವರೆಗೆ ದಿಷ್ಟೀಕರಣವನ್ನು ಸಾಧಿಸಿದರು. ನಾವು ಆರಂಭದಲ್ಲಿ ಹೇಳಿದ 5,000 ಕೋಟಿ ತೂಗಾಟವೆಂದರೆ ಇದೇ.

ತೊಡಕುಗಳಿಲ್ಲವೆಂದಲ್ಲ. ಕ್ಷೀಣ ಸಂಕೇತಗಳಿಗೆ ದೊರೆಯುವ ವೋಲ್ಟೇಜು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಪ್ರವಾಹವು ಅರ್ಧವಾದರೆ ಫಲವು ಕಾಲುಭಾಗಕ್ಕೆ ಇಳಿಯುವುದು. ಇಕ್ಕಟ್ಟಾದ ಕಾಲುವೆಗಳ ರೋಧವಾದರೋ ಹೆಚ್ಚು. ತ್ರಿಕೋಣಗಳನ್ನು ಒಂಟಿಯಾಗಿ ಬಿಡದೆ ಸಾಲುಗಟ್ಟಿ ಜೋಡಿಸುವುದಕ್ಕೆ ಒಂದು ಕಾರಣ ಇದೇ.