ಅಧ್ಯಕ್ಷರನ್ನು ಆರಿಸೋ 12 ಜನ

2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗೆದ್ದಿದ್ದು ಹಿಲರಿ ಕ್ಲಿಂಟನ್. ರಾಜಧಾನಿ ಡಿ.ಸಿ. ಅಲ್ಲ, ಸಿಯಾಟಲ್ ಇರೋ ರಾಜ್ಯ. ಆದರೆ ಅಲ್ಲಿನ 12 ವೋಟಲ್ಲಿ ನಾಲ್ಕು ಅವರಿಗೆ ಬೀಳಲೇ ಇಲ್ಲ! ಮೂರು ಬಿದ್ದಿದ್ದು ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್‌ಗೆ, ಒಂದು ಫೇತ್ ಸ್ಪಾಟೆಡ್ ಈಗಲ್ ಅನ್ನೋ ಮೂಲನಿವಾಸಿ ಹೋರಾಟಗಾರ್ತಿಗೆ. ಇಬ್ಬರೂ ಕಣದಲ್ಲೇ ಇರಲಿಲ್ಲ.

ಇದು ಹೇಗೆ ಸಾಧ್ಯ? ಅಲ್ಲಿ ಜನರ ವೋಟು ಆರಿಸೋದು ಎಲೆಕ್ಟರ್‌ಗಳನ್ನ, ಅಧ್ಯಕ್ಷರಿಗೆ ವೋಟು ಹಾಕೋದು ಅವರು. ಸಂಸತ್ತಿನಲ್ಲಿ ರಾಜ್ಯಕ್ಕೆ ಎಷ್ಟು ಸೀಟೋ ಅಷ್ಟು ಎಲೆಕ್ಟರ್‌ಗಳು: ಕೆಳಮನೆಯ ಹತ್ತು ಸೀಟು, ಸೆನೆಟ್‌ನ ಎರಡು, ಒಟ್ಟು 12. ಪ್ರತಿ ಪಕ್ಷವೂ ಮೊದಲೇ ತನ್ನ ಪಟ್ಟಿ ಕೊಡುತ್ತೆ. ಸಂಸದರು ಅದರಲ್ಲಿ ಇರೋ ಹಾಗಿಲ್ಲ. ಗೆದ್ದ ಪಕ್ಷದ ಎಲೆಕ್ಟರ್‌ಗಳು ಡಿಸೆಂಬರ್‌ನಲ್ಲಿ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಸೇರಿ, ಕಾಗದದ ಮೇಲೆ ಹೆಸರು ಬರೆದು ಸಹಿ ಹಾಕ್ತಾರೆ. ಅಸಲಿ ಚುನಾವಣೆ ಅದೇ.

ರಾಜ್ಯಸಭೆ ಚುನಾವಣೆಯ ಅಡ್ಡ ಮತದಾನ ನೋಡಿದ ನಮಗೆ ಇದೇನು ಹೊಸದಲ್ಲ ಬಿಡಿ. ಆ ರಾಜ್ಯಕ್ಕೂ ಹೊಸದಲ್ಲ. 1976ರಲ್ಲಿ ಅಲ್ಲಿನ ಎಲೆಕ್ಟರ್ ಒಬ್ಬರು ರಾಜ್ಯದಲ್ಲಿ ಗೆದ್ದ ಜೆರಾಲ್ಡ್ ಫೋರ್ಡ್ ಬದಲು ರೊನಾಲ್ಡ್ ರೇಗನ್ ಹೆಸರು ಬರೆದಿದ್ದರು. ಆಮೇಲೆ ಬಂದಿದ್ದೇ ಸಾವಿರ ಡಾಲರ್ ದಂಡದ ಕಾನೂನು.

2016ರ ನಾಲ್ವರಿಗೂ ದಂಡ ಬಿತ್ತು. ಮೂವರು ಕೋರ್ಟ್ ಮೆಟ್ಟಿಲೇರಿದರು: ‘ಎಲೆಕ್ಟರ್ ಅಂದ್ಮೇಲೆ ಆಯ್ಕೆ ನಮ್ಮದಲ್ವಾ?’ ವಾದವೇನೋ ಸರಿ ಅನಿಸುತ್ತೆ. ಆದರೆ 2020ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ರಾಜ್ಯದ ಪರ ನಿಂತರು. ಎಲೆಕ್ಟರ್‌ಗಳನ್ನ ನೇಮಿಸೋ ಅಧಿಕಾರವನ್ನ ಸಂವಿಧಾನ ರಾಜ್ಯಕ್ಕೆ ಕೊಟ್ಟಿದೆ, ಷರತ್ತು ಹಾಕೋದೂ ಅದರಲ್ಲೇ ಬಂತು ಅಂತ ಬಹುಮತದ ತೀರ್ಪು ಹೇಳಿತು.

ಅಷ್ಟರಲ್ಲಿ ವಾಷಿಂಗ್ಟನ್ 2019ರಲ್ಲೇ ಕಾನೂನು ಬದಲಿಸಿ ಆಗಿತ್ತು. ಈಗ ದಂಡದ ರಗಳೆಯೇ ಇಲ್ಲ. ಪಕ್ಷದ ಅಭ್ಯರ್ಥಿಗೇ ವೋಟು ಅಂತ ಮಾತು ಕೊಟ್ಟು ಬೇರೆ ಹೆಸರು ಬರೆದರೆ ಆ ವೋಟು ಲೆಕ್ಕಕ್ಕಿಲ್ಲ, ಸ್ಥಾನ ಖಾಲಿ. ಬದಲಿ ಎಲೆಕ್ಟರ್ ಬಂದು ವೋಟು ಹಾಕ್ತಾರೆ.